ಮತ್ತೆ ಬಂತೇನೋ ಎಂಬ ಬೆಳಗು

ಹಾಲಿನ ಪ್ಯಾಕೆಟ್ಟಿನ ತುದಿ ಕತ್ತರಿಸಲು ಕತ್ತರಿಗೆ ಬೆರಳು ತೂರಿಸುತ್ತೀರಿ. ತೋರುಬೆರಳ ಬುಡ ಚುಳುಕ್ಕೆನ್ನುತ್ತದೆ. ಬೇರೆಯವರಾದರೆ ಕೈ ಒಮ್ಮೆ ಕೊಡವಿ ಹಾಲು ಕಾಯಲು ಇಡುತ್ತಿದ್ದರು. ನೀವು ಒಲೆಯನ್ನೂ ಹಚ್ಚದೆ ದೀಪದ ಕೆಳಗೆ ನಿಂತು ಕೈಯನ್ನು ತಿರುಗಿಸಿ ತಿರುಗಿಸಿ ನೋಡುತ್ತೀರಿ. ನಿನ್ನೆ ಹೀಗಿತ್ತಾ? ಆ ಗೆಣ್ಣು ಸ್ವಲ್ಪ ದಪ್ಪ ಕಾಣುತ್ತಿದೆಯಾ? ಎರಡು ವರ್ಷದಿಂದ ಸುಮ್ಮನಿದ್ದದ್ದು ಮತ್ತೆ ಎದ್ದಿತೇ? ಒಳಗಿನಿಂದ ಯಾರೋ ಕಾಫಿ ಆಯಿತಾ ಎಂದು ಕೂಗುತ್ತಾರೆ. ಆಯಿತು ಎನ್ನುತ್ತೀರಿ, ಆಗಿರುವುದಿಲ್ಲ.

ರುಮಟಾಯ್ಡ್ ಆರ್ಥ್ರೈಟಿಸ್ ಎಂಬ ಕಾಯಿಲೆ ಬಂದು, ಔಷಧಿಗೆ ಬಗ್ಗಿ, ಈಗ ಶಾಂತವಾಗಿರುವವರಿಗಾಗಿ ಈ ಬರಹ. ಅವರೊಂದಿಗೆ ಒಂದೇ ಮನೆಯಲ್ಲಿ ಇರುವವರೂ ಓದಬಹುದು. ನಾನು ಡಾಕ್ಟರ್ ಅಲ್ಲ. ಹಾಸನದ ಕಡೆಯ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. 38ನೇ ವಯಸ್ಸಿನಲ್ಲಿ ಇದು ನನ್ನ ಎರಡೂ ಕೈಗೆ ಬಂತು. ಸೀಮೆಸುಣ್ಣ ಹಿಡಿಯಲಾಗದೆ ಒಂದು ವರ್ಷ ಮಕ್ಕಳ ಕೈಯಲ್ಲೇ ಬೋರ್ಡ್ ಮೇಲೆ ಬರೆಸಿದೆ. ಆಮೇಲೆ ತಗ್ಗಿತು. ತಗ್ಗಿದ ಮೇಲೆ ‘ಮತ್ತೆ ಬಂತು’ ಎಂದು ನಾನು ಹೆದರಿದ್ದು ಹತ್ತಾರು ಸಲ. ನಿಜವಾಗಿ ಬಂದದ್ದು ಎರಡು ಸಲ. ತಮಾಷೆಯೆಂದರೆ ಆ ಎರಡು ಸಲವೂ ನಾನು ಹೆದರಿರಲಿಲ್ಲ.

ಹೆಸರಿನ ಗೊಂದಲ ಮೊದಲು ಕಳೆಯೋಣ. ನಮ್ಮಲ್ಲಿ ಕೀಲು ನೋಯುವುದಕ್ಕೆಲ್ಲ ಸಂಧಿವಾತ, ಗಂಟುನೋವು, ವಾಯು ಎಂದು ಒಂದೇ ಚೀಲಕ್ಕೆ ತುಂಬುವ ರೂಢಿ. ಅಜ್ಜಿಯ ಮೊಣಕಾಲು ಸವೆದು ನೋಯುವುದು ಬೇರೆ, ಇದು ಬೇರೆ. ಇಂಗ್ಲೆಂಡಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ 1859ರಲ್ಲಿ ಇದಕ್ಕೆ ರುಮಟಾಯ್ಡ್ ಆರ್ಥ್ರೈಟಿಸ್ ಎಂದು ಹೆಸರಿಟ್ಟ. ನಮ್ಮ ಕೀಲುಗಳ ಒಳಗೆ ತೆಳ್ಳನೆಯ ಪೊರೆಯೊಂದಿದೆ. ಎಲುಬಿನ ತುದಿಗಳು ಜಾರಲು ಬೇಕಾದ ಜಿಗುಟು ದ್ರವವನ್ನು ಅದು ಸ್ರವಿಸುತ್ತದೆ. ರೋಗಾಣುಗಳ ಮೇಲೆ ಬೀಳಬೇಕಾದ ನಮ್ಮದೇ ರಕ್ಷಣಾ ಕಣಗಳು ದಾರಿ ತಪ್ಪಿ ಈ ಪೊರೆಯ ಮೇಲೆ ಬೀಳುತ್ತವೆ. ಪೊರೆ ದಪ್ಪವಾಗುತ್ತದೆ, ಬಿಸಿಯಾಗುತ್ತದೆ, ನೀರು ತುಂಬಿಕೊಳ್ಳುತ್ತದೆ. ಹಾಗೇ ಬಿಟ್ಟರೆ ಮೃದ್ವಸ್ಥಿಯನ್ನೂ ಎಲುಬಿನ ಅಂಚನ್ನೂ ಕೊರೆಯುತ್ತದೆ. ಇದಕ್ಕೆ ಕನ್ನಡದಲ್ಲಿ ‘ಉರಿಯೂತ’ ಎಂಬ ಮಾತಿದೆಯಲ್ಲ, ನನಗೆ ಬಹಳ ಇಷ್ಟ. ಉರಿ ಒಂದು, ಊತ ಇನ್ನೊಂದು. ಈ ಎರಡನ್ನೂ ಹುಡುಕುವುದೇ ನಮ್ಮ ಕೆಲಸ ಎಂದು ಆ ಪದವೇ ಹೇಳಿಕೊಡುತ್ತದೆ. ‘ನೋವು’ ಅದರೊಳಗೆ ಇಲ್ಲವೇ ಇಲ್ಲ ಎಂಬುದನ್ನು ಗಮನಿಸಿ. ಆ ಮಾತಿಗೆ ಮತ್ತೆ ಬರುತ್ತೇನೆ.

ಕಾಯಿಲೆ ತಗ್ಗಿದ ಸ್ಥಿತಿಗೆ ಡಾಕ್ಟರುಗಳು ರೆಮಿಷನ್ ಎನ್ನುತ್ತಾರೆ. ಅದು ಶಮನ, ಗುಣವಲ್ಲ. ‘ಬೂದಿ ಮುಚ್ಚಿದ ಕೆಂಡ ಇದ್ದ ಹಾಗೆ’ ಎಂದು ಒಬ್ಬರು ನನಗೆ ಹೇಳಿದ್ದರು. ಆ ಹೋಲಿಕೆ ನನಗೆ ಒಗ್ಗಲಿಲ್ಲ. ಕೆಂಡ ಎಂದುಕೊಂಡರೆ ಬದುಕಿಡೀ ಕಾಲು ಎತ್ತಿ ಎತ್ತಿ ಇಡಬೇಕಾಗುತ್ತದೆ. ನನಗೆ ಕಾಣುವುದು ಎಂಟನೇ ತರಗತಿಯ ಬಿ ಸೆಕ್ಷನ್. ಮೇಷ್ಟ್ರು ಒಳಗಿದ್ದಷ್ಟು ಹೊತ್ತು ಗಪ್‌ಚಿಪ್. ಮೇಷ್ಟ್ರು ಪಕ್ಕದ ಕೋಣೆಗೆ ಹೋದರೆ ಹಿಂದಿನ ಬೆಂಚಿನಲ್ಲಿ ಪಿಸುಪಿಸು, ಹತ್ತು ನಿಮಿಷಕ್ಕೆ ಸಂತೆ. ಮಾತ್ರೆ ಎಂಬುದು ಆ ಮೇಷ್ಟ್ರು. ಕೆಲವರಲ್ಲಿ ಮೇಷ್ಟ್ರು ಇದ್ದಾಗಲೂ ಯಾವನೋ ಒಬ್ಬ ಗದ್ದಲ ಎಬ್ಬಿಸುತ್ತಾನೆ, ಅದೂ ಉಂಟು. ಆದರೆ ಹಿಂದಿನ ಬೆಂಚಿನ ಪ್ರತಿ ಪಿಸುಮಾತೂ ಗಲಾಟೆಯಲ್ಲ. ಹೊಸ ಮೇಷ್ಟ್ರು ಪಿಸುಮಾತಿಗೆಲ್ಲ ಕೋಲು ಹಿಡಿಯುತ್ತಾರೆ. ಹಳಬರು ಬೋರ್ಡಿನ ಕಡೆ ತಿರುಗಿಕೊಂಡೇ ಯಾವುದು ಪಿಸುಮಾತು, ಯಾವುದು ಗಲಾಟೆ ಎಂದು ಹೇಳಬಲ್ಲರು.

ಆ ಕಿವಿ ಬರಲು ನನಗೆ ಎರಡು ಘಟನೆಗಳು ಬೇಕಾದವು.

ಒಂದು ಯುಗಾದಿ. ಮನೆ ತುಂಬ ನೆಂಟರು, ನೂರರ ಮೇಲೆ ಒಬ್ಬಟ್ಟು. ಕಣಕ ನಾದಿದವಳೂ ನಾನೇ, ತಟ್ಟಿದವಳೂ ನಾನೇ. ಮಾರನೆಯ ದಿನ ಬಲಗೈ ಎತ್ತಲಾಗಲಿಲ್ಲ. ಹೆಬ್ಬೆರಳ ಬುಡದಿಂದ ಮೊಣಕೈವರೆಗೆ ಸೆಳೆತ. ಕಣ್ಣಲ್ಲಿ ನೀರು ಬಂತು, ನೋವಿಗಲ್ಲ, ‘ಮುಗಿಯಿತು, ಮತ್ತೆ ಶುರು’ ಎಂಬ ದುಃಖಕ್ಕೆ. ಅವತ್ತೇ ಬಸ್ ಹತ್ತಿ ಡಾಕ್ಟರ ಮುಂದೆ ಕೈ ಚಾಚಿದೆ. ಅವರು ಒಂದೊಂದೇ ಗೆಣ್ಣನ್ನು ಒತ್ತಿ ನೋಡಿ, ‘ಮೇಡಂ, ಎಷ್ಟು ಒಬ್ಬಟ್ಟು ತಟ್ಟಿದ್ರಿ?’ ಎಂದರು. ಸ್ನಾಯುರಜ್ಜು ದಣಿದಿತ್ತು, ಕೀಲುಗಳು ತಣ್ಣಗಿದ್ದವು. ಐದು ದಿನಕ್ಕೆ ಸರಿಹೋಯಿತು.

ಇನ್ನೊಂದು ಎಸ್ಸೆಸ್ಸೆಲ್ಸಿ ಮೌಲ್ಯಮಾಪನ. ದಿನವಿಡೀ ಉತ್ತರಪತ್ರಿಕೆ ತಿದ್ದುವುದು. ಎರಡನೇ ವಾರ ಬೆಳಗ್ಗೆ ಎದ್ದರೆ ಕೈ ಮುಷ್ಟಿ ಕಟ್ಟುತ್ತಿರಲಿಲ್ಲ. ಬಿಸಿನೀರಲ್ಲಿ ಅದ್ದಿಕೊಂಡು, ಹತ್ತೂವರೆ ಹೊತ್ತಿಗೆ ಸಡಿಲವಾದ ಮೇಲೆ ಕೆಂಪು ಪೆನ್ನು ಹಿಡಿಯುತ್ತಿದ್ದೆ. ನೋವು ಅಂಥದ್ದೇನಿರಲಿಲ್ಲ. ಒಬ್ಬಟ್ಟಿನ ಅನುಭವ ಬೇರೆ ಬೆನ್ನಿಗಿತ್ತು: ತಿದ್ದಿ ತಿದ್ದಿ ಸುಸ್ತಾಗಿದೆ, ಬಿಟ್ಟರೆ ಹೋಗುತ್ತದೆ. ಮೌಲ್ಯಮಾಪನ ಮುಗಿಯಿತು, ಬಿಗಿತ ಹೋಗಲಿಲ್ಲ. ಬರೆಯದ ಎಡಗೈಯೂ ಅಷ್ಟೇ ಬಿಗಿಯಾಗಿತ್ತು. ಅದು ನನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಎರಡೂವರೆ ತಿಂಗಳು ಕಳೆದು ತೋರಿಸಿದಾಗ ಎಡ ಮಣಿಕಟ್ಟಿನಲ್ಲಿ ಎಲುಬು ಸವೆದಿತ್ತು. ಆ ಮಣಿಕಟ್ಟು ಇವತ್ತಿಗೂ ಪೂರ್ತಿ ಹಿಂದಕ್ಕೆ ಬಾಗುವುದಿಲ್ಲ. ನಮಸ್ಕಾರ ಮಾಡುವಾಗ ನನ್ನ ಕೈ ಸ್ವಲ್ಪ ಸೊಟ್ಟ.

ಜೋರಾಗಿ ನೋಯುವುದು ಕಾಯಿಲೆ, ಸಣ್ಣಗೆ ನೋಯುವುದು ಸುಸ್ತು ಎಂಬ ನನ್ನ ಲೆಕ್ಕ ಎರಡು ಸಲವೂ ತಲೆಕೆಳಗಾಯಿತು. ಅಳೆಯಬೇಕಾದದ್ದು ನೋವಿನ ಜೋರನ್ನಲ್ಲ. ಹಾಗಾದರೆ ಏನನ್ನು?

ಮೊದಲು ಗಡಿಯಾರ. ಎದ್ದ ಮೇಲೆ ಕೈ ‘ನನ್ನ ಕೈ’ ಅನ್ನಿಸಲು ಎಷ್ಟು ಹೊತ್ತು ಬೇಕಾಯಿತು? ವಯಸ್ಸಾದ, ಸವೆದ ಕೀಲುಗಳೂ ಬೆಳಗ್ಗೆ ಬಿಗಿದುಕೊಂಡಿರುತ್ತವೆ, ಆದರೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತವೆ. ಉರಿಯೂತದ ಬಿಗಿತ ಅರ್ಧ ಗಂಟೆ ದಾಟುತ್ತದೆ, ಎಷ್ಟೋ ಸಲ ಒಂದು ಗಂಟೆ ಮೀರುತ್ತದೆ. ಉರಿ ಎಬ್ಬಿಸುವ ರಾಸಾಯನಿಕಗಳು ನಮ್ಮ ಮೈಯಲ್ಲಿ ನಸುಕಿನ ಹೊತ್ತಿಗೆ ಏರುತ್ತವೆ, ಅದನ್ನು ತಣಿಸುವ ಕಾರ್ಟಿಸಾಲ್ ರಾತ್ರಿಯ ಮೊದಲ ಭಾಗದಲ್ಲಿ ಇಳಿದಿರುತ್ತದೆ. ಜೊತೆಗೆ ರಾತ್ರಿಯೆಲ್ಲ ಕೀಲು ಅಲುಗಾಡಿರುವುದಿಲ್ಲ. ಸವೆತದ ನೋವು ಕೆಲಸ ಮಾಡಿದಷ್ಟೂ ಏರಿ ಸಂಜೆ ಹೊತ್ತಿಗೆ ಹೆಚ್ಚು. ಉರಿಯೂತದ್ದು ಉಲ್ಟಾ: ಕೆಲಸ ಶುರುವಾದ ಮೇಲೆ ಎಷ್ಟೋ ವಾಸಿ. ಮುದ್ದೆ ತಿರುವುವ ಹೊತ್ತಿಗೆ ಕೈ ಸರಿಯಾಗಿಬಿಟ್ಟಿರುತ್ತದೆ, ಹಾಗಾಗಿ ಮನೆಯವರು ಯಾರೂ ನಂಬುವುದಿಲ್ಲ.

ಆಮೇಲೆ ಮುಷ್ಟಿ. ಕೈ ಮುಷ್ಟಿ ಕಟ್ಟಿ ಹಿಂಬದಿಯನ್ನು ಕಣ್ಣಿನ ಮಟ್ಟಕ್ಕೆ ತನ್ನಿ. ಬೆರಳ ಬುಡದ ನಾಲ್ಕು ಗೆಣ್ಣುಗಳು ನಾಲ್ಕು ಗುಡ್ಡಗಳ ಹಾಗೆ, ನಡುವೆ ಮೂರು ಕಣಿವೆಗಳು. ಪೊರೆ ಊದಿದಾಗ ಮೊದಲು ಮುಚ್ಚಿಹೋಗುವುದು ಈ ಕಣಿವೆ. ಚೆನ್ನಾಗಿರುವ ದಿನವೇ ನಿಮ್ಮ ಎರಡೂ ಮುಷ್ಟಿಯ ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಹೆದರಿಕೆಯ ದಿನ ಹೋಲಿಸಲು ಬರುತ್ತದೆ. ಊದಿದೆ ಅನ್ನಿಸಿದರೆ ಒತ್ತಿ ನೋಡಿ. ಉರಿಯೂತದ ಊತ ಮಾಗಿದ ದ್ರಾಕ್ಷಿಯ ಹಾಗೆ ಮೆತ್ತಗಿರುತ್ತದೆ, ಸ್ವಲ್ಪ ಬೆಚ್ಚಗೂ ಇರಬಹುದು. ಅಡಿಕೆಯ ಹಾಗೆ ಗಟ್ಟಿ ತಾಕಿದರೆ ಅದು ಎಲುಬಿನ ಬೆಳವಣಿಗೆ, ಸವೆತದ ಲಕ್ಷಣ. ಎಷ್ಟು ಬಲವಾಗಿ ಒತ್ತಬೇಕು ಎಂದು ಹೊಸಬರು ಕೇಳುತ್ತಾರೆ. ಒತ್ತುವ ಹೆಬ್ಬೆರಳಿನ ಉಗುರಿನ ಬಣ್ಣ ಬಿಳಿಚುವಷ್ಟು, ಅದಕ್ಕಿಂತ ಬೇಡ. ಡಾಕ್ಟರುಗಳು ಕಲಿಯುವ ಅಳತೆಯೂ ಅದೇ. ಒತ್ತಿ ಒತ್ತಿ ನೋಡುವ ಚಟ ಹತ್ತಿಸಿಕೊಳ್ಳಬೇಡಿ. ದಿನಕ್ಕೆ ಐವತ್ತು ಸಲ ಒತ್ತಿದರೆ ನೆಟ್ಟಗಿರುವ ಕೀಲೂ ನೋಯುತ್ತದೆ. ನಾನು ಮಾಡಿ ನೋಡಿದ್ದೇನೆ.

ಇನ್ನು ಜಾಗ. ಈ ಕಾಯಿಲೆಗೆ ಮೆಚ್ಚಿನ ಜಾಗಗಳಿವೆ: ಬೆರಳ ಬುಡದ ಮತ್ತು ನಡುವಿನ ಗೆಣ್ಣು, ಮಣಿಕಟ್ಟು, ಕಾಲ್ಬೆರಳುಗಳ ಬುಡ. ಉಗುರಿನ ಹತ್ತಿರದ ಕೊನೆಯ ಗೆಣ್ಣನ್ನು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಲ್ಲಿ ಮಾತ್ರ ನೋವಿದ್ದರೆ ಬೇರೆ ಕಾರಣ ಹುಡುಕಬೇಕು. ಎರಡೂ ಕಡೆ ಜೋಡಿಜೋಡಿಯಾಗಿ ಬರುವುದು ಇದರ ಇನ್ನೊಂದು ಗುಣ. ಹಿಂದೆ ಯಾವ ಕೀಲು ಊದಿತ್ತೋ ಅದೇ ಮತ್ತೆ ಊದುವುದು ಹೆಚ್ಚು, ಹಾಗಾಗಿ ನಿಮ್ಮ ಹಳೇ ಕೀಲುಗಳ ಪಟ್ಟಿ ನಿಮಗೆ ಬಾಯಿಪಾಠವಾಗಿರಲಿ. ಕಾಲನ್ನು ಮಾತ್ರ ಎಲ್ಲರೂ ಮರೆಯುತ್ತಾರೆ. ಬೆಳಗ್ಗೆ ಹಾಸಿಗೆಯಿಂದ ಇಳಿದಾಗ ಹರಳು ಕಲ್ಲಿನ ಮೇಲೆ ಹೆಜ್ಜೆ ಇಟ್ಟ ಹಾಗಾಗುವುದು, ಕಾಲುಂಗುರ ಇದ್ದಕ್ಕಿದ್ದ ಹಾಗೆ ಬಿಗಿಯಾಗುವುದು ಕೈಗಿಂತ ಮೊದಲೇ ಸುದ್ದಿ ಕೊಡಬಹುದು. ಬಳೆ, ಉಂಗುರ, ಉಪ್ಪಿನಕಾಯಿ ಜಾಡಿಯ ಮುಚ್ಚಳ, ಒದ್ದೆ ಬಟ್ಟೆ ಹಿಂಡುವುದು, ಸ್ಕೂಟಿಯ ಬ್ರೇಕು. ನಮ್ಮ ಮನೆಯಲ್ಲೇ ಇಷ್ಟು ಅಳತೆಗೋಲುಗಳಿವೆ.

ಆಸ್ಪತ್ರೆಯ ಬೆಂಚಿನಲ್ಲಿ ಕೂತಾಗ ಪಕ್ಕದವರು ಸಾಮಾನ್ಯವಾಗಿ ಕೈಗೆ ಹಾಕುವುದು ಒಂದು ಲ್ಯಾಬ್ ಚೀಟಿ. ಅದರ ಮೇಲೆ ಬೆರಳಿಟ್ಟು ‘ಆಂಟಿ, ಆರ್.ಎ. ಫ್ಯಾಕ್ಟರ್ ಪಾಸಿಟಿವ್ ಬಂದಿದೆ, ಮತ್ತೆ ಬಂತು ಅಂತಲ್ವಾ?’ ಎನ್ನುತ್ತಾರೆ. ಅಲ್ಲ. ಅದು ಮತ್ತು ಆಂಟಿ-ಸಿ.ಸಿ.ಪಿ. ಎಂಬ ಇನ್ನೊಂದು ಪರೀಕ್ಷೆ ನಿಮ್ಮದು ಯಾವ ಕಾಯಿಲೆ ಎಂದು ಗುರುತಿಸಲು ನೆರವಾಗುತ್ತವೆ. ಕಾಯಿಲೆ ಮಲಗಿದ್ದಾಗಲೂ ಅವು ಪಾಸಿಟಿವ್ ಆಗಿಯೇ ಇರಬಹುದು. ಜಾತಕದಲ್ಲಿ ನಕ್ಷತ್ರ ಬರೆದ ಹಾಗೆ, ಪದೇ ಪದೇ ಬರೆಸಿ ಪ್ರಯೋಜನವಿಲ್ಲ. ಈಗಿನ ಹವಾಮಾನ ಹೇಳುವವು ಇ.ಎಸ್.ಆರ್. ಮತ್ತು ಸಿ.ಆರ್.ಪಿ.

ಇ.ಎಸ್.ಆರ್. ಅನ್ನು ನಾನು ಮಕ್ಕಳಿಗೆ ರಾಗಿಹಿಟ್ಟಿನಲ್ಲಿ ತೋರಿಸುತ್ತಿದ್ದೆ. ಎರಡು ಲೋಟ ನೀರು. ಒಂದಕ್ಕೆ ನುಣ್ಣಗೆ ಕದಡಿದ ಹಿಟ್ಟು, ಇನ್ನೊಂದಕ್ಕೆ ಗಂಟುಗಂಟಾದ ಹಿಟ್ಟು. ಗಂಟು ಬೇಗ ತಳ ಸೇರುತ್ತದೆ. ಮೈಯಲ್ಲಿ ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜನ್ ಎಂಬ ಪ್ರೋಟೀನು ಹೆಚ್ಚಿ, ಕೆಂಪು ಕಣಗಳು ನಾಣ್ಯ ಪೇರಿಸಿದ ಹಾಗೆ ಒಂದಕ್ಕೊಂದು ಅಂಟಿ ಬೇಗ ತಳಕ್ಕಿಳಿಯುತ್ತವೆ. ಸಣ್ಣ ಕೊಳವೆಯಲ್ಲಿ ಒಂದು ಗಂಟೆಗೆ ಎಷ್ಟು ಮಿಲಿಮೀಟರ್ ಇಳಿದವು ಎಂಬುದೇ ಇ.ಎಸ್.ಆರ್. ಪೋಲೆಂಡಿನ ವೈದ್ಯ ಬಿಯರ್ನಾಟ್ಸ್‌ಕಿ 1897ರಲ್ಲೇ ಇದರ ಬಗ್ಗೆ ಬರೆದಿದ್ದ. ಇಷ್ಟು ಸರಳವಾದ ಪರೀಕ್ಷೆಗೆ ಇರುವ ದೋಷವೂ ಅಷ್ಟೇ ಸರಳ: ರಕ್ತಹೀನತೆ, ವಯಸ್ಸು, ಬಸಿರು, ಮೂತ್ರದ ಸೋಂಕು, ಹಲ್ಲಿನ ಕೀವು, ಎಲ್ಲಕ್ಕೂ ಏರುತ್ತದೆ. ಇಳಿಯಲು ವಾರಗಟ್ಟಲೆ ತೆಗೆದುಕೊಳ್ಳುತ್ತದೆ. ಸಿ.ಆರ್.ಪಿ. ಸ್ವಲ್ಪ ಚುರುಕು, ದಿನಗಳಲ್ಲೇ ಏರಿಳಿಯುತ್ತದೆ. ಆದರೂ ಎರಡೂ ನಾರ್ಮಲ್ ಇದ್ದು ಕೀಲು ಊದಿರುವವರನ್ನು ನಾನು ಕಂಡಿದ್ದೇನೆ. ಡಾಕ್ಟರು ಚೀಟಿ ನೋಡುವ ಮೊದಲು ಕೈ ಹಿಡಿದು ನೋಡುತ್ತಾರಲ್ಲ, ಅಂಥವರನ್ನು ಬಿಡಬೇಡಿ. ಅನುಮಾನ ಉಳಿದರೆ ಕೀಲಿನ ಅಲ್ಟ್ರಾಸೌಂಡ್ ಮಾಡಿಸುತ್ತಾರೆ. ಪೊರೆಗೆ ರಕ್ತ ಹೆಚ್ಚು ಹರಿಯುತ್ತಿದೆಯೇ ಎಂಬುದು ಅದರಲ್ಲಿ ಬಣ್ಣವಾಗಿ ಕಾಣುತ್ತದೆ.

ನಮ್ಮ ರಾಜ್ಯದವರಿಗೆ ಇನ್ನೊಂದು ಗೊಂದಲ ಕಾದಿರುತ್ತದೆ: ಚಿಕೂನ್‌ಗುನ್ಯಾ. 2006ರಲ್ಲಿ ಅದು ಅಪ್ಪಳಿಸಿದಾಗ ದೇಶದಲ್ಲೇ ಅತಿ ಹೆಚ್ಚು ಶಂಕಿತ ಪ್ರಕರಣಗಳು ಕರ್ನಾಟಕದಲ್ಲಿದ್ದವು. ಊರಿಗೂರೇ ಕುಂಟುತ್ತಿತ್ತು. 1952ರಲ್ಲಿ ಈಗಿನ ಟಾಂಜಾನಿಯಾದ ಮಕೊಂಡೆ ಜನರ ನಡುವೆ ಕಾಣಿಸಿಕೊಂಡ ಕಾಯಿಲೆ ಅದು. ಹೆಸರೂ ಅವರ ಮಾತಿನದೇ, ಮೈ ಬಗ್ಗಿಸುವಂಥದ್ದು ಎಂಬ ಅರ್ಥದ್ದು. ಅದೂ ಕೈಬೆರಳು, ಮಣಿಕಟ್ಟುಗಳಿಗೇ ಹೋಗುತ್ತದೆ, ಎರಡೂ ಕಡೆ ಹೋಗುತ್ತದೆ, ಕೆಲವರಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಜ್ವರ ಬಂದು ಹೋದ ಮೇಲೆ ಕೀಲು ಹಿಡಿದಿದ್ದರೆ, ಅಕ್ಕಪಕ್ಕದ ಮನೆಗಳಲ್ಲೂ ಹಾಗೇ ಆಗಿದ್ದರೆ ಡಾಕ್ಟರಿಗೆ ಅದನ್ನು ಮೊದಲು ಹೇಳಿ. ಮಧ್ಯರಾತ್ರಿ ಕಾಲಿನ ಹೆಬ್ಬೆರಳೊಂದೇ ಕೆಂಪಾಗಿ ಉರಿದರೆ ಅದು ಗೌಟ್ ಇರಬಹುದು. ಸಕ್ಕರೆ ಕಾಯಿಲೆಯವರ ಭುಜ ಮೇಲೇಳದಿದ್ದರೆ ಅದರ ಕಥೆ ಬೇರೆ. ಇವೆಲ್ಲ ನಮ್ಮ ಕಾಯಿಲೆ ಇರುವವರಿಗೂ ಬರಬಾರದೆಂದೇನಿಲ್ಲ. ಒಂದು ಕಾಯಿಲೆ ಬಂದವರಿಗೆ ಇನ್ನೊಂದು ಬರುವುದಿಲ್ಲ ಎಂಬ ರಿಯಾಯಿತಿ ಎಲ್ಲಿಯೂ ಇಲ್ಲ.

ಯಾಕೆ ಮರಳುತ್ತದೆ ಎಂದು ಕೇಳಿದರೆ ಮೊದಲ ಉತ್ತರ ಮುಜುಗರದ್ದು. ಮಾತ್ರೆ ಬಿಟ್ಟಿರುತ್ತೇವೆ. ನನಗೆ ಎರಡನೇ ಸಲ ಮರಳಿದ್ದರ ಕಥೆ ಅಷ್ಟೇ. ಮಗಳ ಮದುವೆ ಓಡಾಟದಲ್ಲಿ ಒಂದು ವಾರ ತಪ್ಪಿತು, ಏನೂ ಆಗಲಿಲ್ಲ. ‘ಏನೂ ಆಗಲಿಲ್ಲವಲ್ಲ’ ಎಂದು ಮತ್ತೆರಡು ತಿಂಗಳು ನಾನೇ ಬಿಟ್ಟೆ. ಮೇಷ್ಟ್ರು ಪಕ್ಕದ ಕೋಣೆಗೆ ಹೋಗಿದ್ದರು. ಡಾಕ್ಟರು ಲೆಕ್ಕ ಹಾಕಿ ನಿಧಾನವಾಗಿ ಡೋಸ್ ಇಳಿಸುವುದು ಬೇರೆ. ಆಗಲೂ ಕೆಲವರಿಗೆ ಮರಳುತ್ತದೆ, ಆದರೆ ಅಲ್ಲಿ ಕಾಯುವ ಕಣ್ಣೊಂದು ಇರುತ್ತದೆ.

ಇನ್ನೊಂದು ಕಾರಣ ಹೆರಿಗೆ. ಇದರ ಹಿಂದೆ ನನಗೆ ಬಹಳ ಇಷ್ಟವಾದ ಕಥೆಯಿದೆ. ಅಮೆರಿಕದ ಮೇಯೊ ಕ್ಲಿನಿಕ್ಕಿನ ಫಿಲಿಪ್ ಹೆಂಚ್ ಎಂಬ ವೈದ್ಯ, ಕಾಮಾಲೆ ಬಂದಾಗ ರೋಗಿಗಳ ಕೀಲುನೋವು ಮಾಯವಾಗುವುದನ್ನು 1929ರಿಂದ ಗಮನಿಸತೊಡಗಿದ. ಬಸುರಿಯರಲ್ಲೂ ಹಾಗೇ, ಹೆತ್ತ ಮೇಲೆ ಮರಳುತ್ತಿತ್ತು. ಮೈಯೊಳಗೇ ಯಾವುದೋ ಮದ್ದು ಹುಟ್ಟುತ್ತಿದೆ ಎಂದು ಊಹಿಸಿ ಅದನ್ನು ಇಪ್ಪತ್ತು ವರ್ಷ ಹುಡುಕಿದ. 1948ರ ಸೆಪ್ಟೆಂಬರಿನಲ್ಲಿ, ನಡೆಯಲೂ ಆಗದ 29 ವರ್ಷದ ಹೆಂಗಸೊಬ್ಬಳಿಗೆ ಅವನೂ ಸಂಗಡಿಗರೂ ಕಾರ್ಟಿಸೋನ್ ಎಂಬ ಸ್ಟಿರಾಯ್ಡ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಅಂಗಡಿ ಬೀದಿಗೆ ಹೋದಳು. 1950ರಲ್ಲಿ ಹೆಂಚ್‌ಗೂ, ಕೆಂಡಾಲ್ ಮತ್ತು ರೈಕ್‌ಸ್ಟೈನ್ ಎಂಬ ಇನ್ನಿಬ್ಬರು ವಿಜ್ಞಾನಿಗಳಿಗೂ ನೊಬೆಲ್ ಬಂತು. ಸ್ಟಿರಾಯ್ಡಿನ ಬೆಲೆಯನ್ನು ಜನ ಅರಿತದ್ದು ಆಮೇಲೆ: ಮುಖ ಊದುವುದು, ಎಲುಬು ಸವೆಯುವುದು, ಸಕ್ಕರೆ ಏರುವುದು. ನಮಗೆ ಈ ಕಥೆಯಿಂದ ಬೇಕಾದ್ದು ಇಷ್ಟು: ಬಸಿರಿನಲ್ಲಿ ಚೆನ್ನಾಗಿದ್ದವರಿಗೆ ಹೆರಿಗೆಯಾದ ಮೊದಲ ಕೆಲವು ತಿಂಗಳಲ್ಲಿ ಮರಳುವ ಸಾಧ್ಯತೆ ಹೆಚ್ಚು. ಬಾಣಂತಿ ‘ಕೈ ಬಿಗಿಯುತ್ತೆ’ ಎಂದರೆ ಶೀತ, ನಂಜು ಎಂದು ತಳ್ಳಿಹಾಕಬೇಡಿ. ಮಗುವನ್ನು ಎತ್ತಿಕೊಳ್ಳಲು ಅವಳಿಗೆ ಮಣಿಕಟ್ಟು ಬೇಕು.

ಸೋಂಕಿನ ನಂತರವೂ ಮರಳಬಹುದು. ಬೀಡಿ ಸಿಗರೇಟು ಈ ಕಾಯಿಲೆಯನ್ನು ಹುಟ್ಟಿಸುವುದರಲ್ಲೂ ಹೆಚ್ಚಿಸುವುದರಲ್ಲೂ ಪಾಲುದಾರ. ಎಷ್ಟೋ ಸಲ ಯಾವ ಕಾರಣವೂ ಸಿಗುವುದಿಲ್ಲ. ಸಿಗದಿದ್ದಾಗ ಮನೆಯವರು ಬದನೆಕಾಯಿ, ಆಲೂಗಡ್ಡೆ, ಮೊಸರನ್ನು ಕಟಕಟೆಗೆ ತರುತ್ತಾರೆ. ನಮ್ಮತ್ತೆ ನನಗೆ ಮೂರು ವರ್ಷ ಬದನೆಕಾಯಿ ಬಡಿಸಲಿಲ್ಲ. ಕೈ ಬದನೆಕಾಯಿಗೆ ಕಿವಿಗೊಡಲಿಲ್ಲ. ನಿಮಗೆ ಒಂದು ಪದಾರ್ಥ ಆಗುವುದಿಲ್ಲ ಅನ್ನಿಸಿದರೆ ಬಿಡಿ, ಜಗಳವಿಲ್ಲ. ಪದಾರ್ಥ ಬಿಟ್ಟೆನೆಂದು ಮಾತ್ರೆಯನ್ನು ಮಾತ್ರ ಬಿಡಬೇಡಿ.

ಮಾತ್ರೆ ಎಂದ ಮೇಲೆ ಮೆಥೊಟ್ರೆಕ್ಸೇಟ್ ವಿಷಯ ಹೇಳಲೇಬೇಕು. ನಮ್ಮಲ್ಲಿ ಬಹುಪಾಲು ಜನ ನುಂಗುವುದು ಅದನ್ನೇ. ಅದರ ಬೇರು ನಮ್ಮ ನೆರೆಯ ಆಂಧ್ರದವರೆಗೆ ಬರುತ್ತದೆ: ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ಮುನ್ನಡೆಸಿದ ತಂಡ ಕ್ಯಾನ್ಸರಿಗೆಂದು ರೂಪಿಸಿದ ಮದ್ದು ಇದು. ಕೀಲಿನ ಕಾಯಿಲೆಗೆ ಅಮೆರಿಕದ ಔಷಧ ಇಲಾಖೆಯ ಒಪ್ಪಿಗೆ ಸಿಕ್ಕಿದ್ದು 1988ರಲ್ಲಿ. ನಮ್ಮ ಕಾಯಿಲೆಗೆ ಇದನ್ನು ತೆಗೆದುಕೊಳ್ಳುವುದು ವಾರಕ್ಕೆ ಒಂದು ದಿನ. ದಿನಾ ಅಲ್ಲ. ಮರಳಿತೆಂಬ ಗಾಬರಿಯಲ್ಲಿ ‘ಇನ್ನೊಂದು ನುಂಗಿದರೆ ಬೇಗ ತಗ್ಗೀತು’ ಎಂದು ದಿನವೂ ತೆಗೆದುಕೊಂಡವರ ಬಾಯಿ ಹುಣ್ಣಾಗಿ, ರಕ್ತಕಣ ಕುಸಿದು ಜೀವಕ್ಕೇ ಕುತ್ತು ಬಂದದ್ದಿದೆ. ಆ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ಮನೆಯ ಇನ್ನೊಬ್ಬರಿಗೂ ಆ ದಿನ ಗೊತ್ತಿರಲಿ. ಮಗು ಬೇಕೆಂದಿರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಈ ಮದ್ದು ಬಸಿರಿಗೆ ಆಗದು.

ಹಾಗಾದರೆ ಆ ಬೆಳಗ್ಗೆ, ಹಾಲಿನ ಪ್ಯಾಕೆಟ್ ಹಿಡಿದು ನಿಂತಾಗ ಏನು ಮಾಡಬೇಕು? ಮೊದಲು ಹಾಲು ಕಾಯಿಸಿ. ಆಮೇಲೆ ಹಳೇ ನೋಟ್‌ಬುಕ್ಕೊಂದರಲ್ಲಿ ನಾಲ್ಕು ಸಾಲು: ದಿನ, ಬಿಗಿತ ಎಷ್ಟು ನಿಮಿಷ, ಯಾವ ಕೀಲು, ಕಣಿವೆ ಕಾಣುತ್ತಿದೆಯೇ. ಹಿಂದಿನ ದಿನ ವಿಶೇಷ ಕೆಲಸ ಮಾಡಿದ್ದರೆ ಅದನ್ನೂ ಬರೆಯಿರಿ. ಊತ ಕಾಣದೆ, ಒಂದೇ ಜಾಗದಲ್ಲಿ ನೋವಿದ್ದು, ಕಾರಣವೂ ಗೊತ್ತಿದ್ದರೆ ನಾಲ್ಕೈದು ದಿನ ಕಾಯಬಹುದು. ಕೆಲಸ ಕಡಿಮೆ ಮಾಡಿ, ಕೈಯನ್ನು ಪೂರ್ತಿ ಮಲಗಿಸಬೇಡಿ, ಬಿಗಿತಕ್ಕೆ ಬೆಚ್ಚನೆಯ ನೀರು, ಬಿಸಿಯಾಗಿ ಊದಿದ್ದಕ್ಕೆ ತಣ್ಣನೆಯ ಬಟ್ಟೆ. ಬಿಗಿತ ದಿನದಿಂದ ದಿನಕ್ಕೆ ಲಂಬಿಸಿದರೆ, ಎರಡನೇ ಕೀಲು ಸೇರಿದರೆ, ಮೆತ್ತನೆಯ ಊತ ಕೈಗೆ ಸಿಕ್ಕರೆ ಮುಂದಿನ ತಿಂಗಳ ತಾರೀಕಿಗೆ ಕಾಯದೆ ಫೋನ್ ಮಾಡಿ. ‘ಮತ್ತೆ ನೋವು’ ಎನ್ನಬೇಡಿ, ಆ ಮಾತು ದಿನಕ್ಕೆ ಐವತ್ತು ಜನ ಹೇಳುತ್ತಾರೆ. ‘ಎಂಟು ದಿನದಿಂದ ಬೆಳಗ್ಗೆ ಮುಕ್ಕಾಲು ಗಂಟೆ ಬಿಗಿತ, ಎರಡೂ ಕೈಯ ಎರಡನೇ ಗೆಣ್ಣು ಊದಿದೆ’ ಎನ್ನಿ. ಬೇಗ ಬನ್ನಿ ಎನ್ನುತ್ತಾರೆ.

ಕಪಾಟಿನಲ್ಲಿ ಹಳೇ ಸ್ಟಿರಾಯ್ಡ್ ಮಾತ್ರೆಯ ಅರ್ಧ ಪಟ್ಟಿ ಉಳಿದಿರುತ್ತದೆ, ನನಗೆ ಗೊತ್ತು. ಅದನ್ನು ನುಂಗಿ ಡಾಕ್ಟರ ಹತ್ತಿರ ಹೋದರೆ ಊತ ಇಳಿದಿರುತ್ತದೆ, ಪಾಪ ಅವರಿಗೆ ಏನೂ ಕಾಣುವುದಿಲ್ಲ. ಡಾಕ್ಟರೇ ಕೊಟ್ಟು ವಾರಗಟ್ಟಲೆ ತೆಗೆದುಕೊಳ್ಳುತ್ತಿರುವ ಸ್ಟಿರಾಯ್ಡನ್ನು ಥಟ್ಟನೆ ನಿಲ್ಲಿಸುವುದೂ ಅಪಾಯ. ಹೆಸರಿಲ್ಲದ ಪೊಟ್ಟಣದ ಪುಡಿ ಎರಡೇ ದಿನಕ್ಕೆ ಪವಾಡ ಮಾಡಿದರೆ ಅದರೊಳಗೂ ಸ್ಟಿರಾಯ್ಡ್ ಬೆರೆಸಿರಬಹುದು ಎಂದು ಅನುಮಾನಿಸಿ. ಮೆಡಿಕಲ್ ಶಾಪಿನಲ್ಲಿ ಸಿಗುವ ನೋವಿನ ಮಾತ್ರೆ ಒಂದೆರಡು ದಿನಕ್ಕೆ ಸರಿ, ಅದೂ ಹೊಟ್ಟೆ, ಕಿಡ್ನಿ ನೆಟ್ಟಗಿದ್ದವರಿಗೆ.

ಕಾಯಲೇಬಾರದ ಸಂದರ್ಭಗಳೂ ಇವೆ. ಒಂದೇ ಕೀಲು ಕೆಂಪಾಗಿ ಊದಿ, ಜ್ವರ ಅಥವಾ ಚಳಿ ಬಂದರೆ ಅದು ಕೀಲಿನೊಳಗಿನ ಕೀವಿರಬಹುದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದು ತೆಗೆದುಕೊಳ್ಳುವ ನಮಗೆ ಜ್ವರ ಬಾರದೆಯೂ ಹಾಗಾಗಬಹುದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಕಣ್ಣು ಕೆಂಪಾಗಿ ನೋಯುವುದು, ಉಸಿರು ಕಟ್ಟುವುದು, ಕುತ್ತಿಗೆ ನೋವಿನ ಜೊತೆ ಕೈಕಾಲು ಜೋಮು ಹಿಡಿದು ನಡಿಗೆ ತೊಡರುವುದು, ಇವಕ್ಕೂ ಅದೇ ಮಾತು.

ಹೆದರಿಕೆಯ ಬಗ್ಗೆಯೂ ಒಂದು ಮಾತು. ಅದನ್ನು ಬೈದು ಓಡಿಸಲು ಆಗುವುದಿಲ್ಲ. ‘ನಿನ್ನೆ ಚೆನ್ನಾಗಿದ್ದೆಯಲ್ಲ’ ಎಂದು ನಮ್ಮನೆಯವರು ವರ್ಷಗಟ್ಟಲೆ ಹೇಳಿದರು. ಹೌದು, ನಿನ್ನೆ ಚೆನ್ನಾಗಿದ್ದೆ, ಈ ಕಾಯಿಲೆ ನಿನ್ನೆಯನ್ನು ಕೇಳಿ ಬರುವುದಿಲ್ಲ. ನೋಟ್‌ಬುಕ್ ಶುರುವಾದ ಮೇಲೆ ಅವರು ಬೇರೆ ಪ್ರಶ್ನೆ ಕಲಿತರು: ‘ಇವತ್ತೆಷ್ಟು ನಿಮಿಷ?’ ಅಷ್ಟು ಕೇಳಿ ಕಾಫಿ ತಾವೇ ಮಾಡುತ್ತಾರೆ. ನಿದ್ದೆಗೆಟ್ಟ ರಾತ್ರಿಯ ಮಾರನೆ ದಿನ ಮೈಯೆಲ್ಲ ನೋಯುತ್ತದೆ, ಆದರೆ ಕಣಿವೆ ಮುಚ್ಚುವುದಿಲ್ಲ. ಅಂಥ ದಿನಗಳು ನನ್ನ ಪುಸ್ತಕದಲ್ಲಿ ಬೇಕಾದಷ್ಟಿವೆ. ತಿರುವಿ ಹಾಕಿದಾಗ ಎಂಥ ದಿನಕ್ಕೆಲ್ಲ ಅತ್ತಿದ್ದೇನೆ ಎಂದು ನಗು ಬರುತ್ತದೆ.

ಇದನ್ನು ಬರೆಯುವ ಹೊತ್ತಿಗೆ ಆ ಪುಸ್ತಕದ ಕೊನೆಯ ಪುಟದಲ್ಲಿ ಹೀಗಿದೆ. ಸೋಮವಾರ: ಎಡಗೈ ನಡುಬೆರಳ ಬುಡ, ಹತ್ತು ನಿಮಿಷ, ಭಾನುವಾರ ಹುಣಸೆಹಣ್ಣು ಜಜ್ಜಿದ್ದೆ. ಮಂಗಳವಾರ: ಇಪ್ಪತ್ತು ನಿಮಿಷ, ಬಲಗೈ ಸರಿಯಿದೆ. ಬುಧವಾರ: ಹದಿನೈದು, ಮೂರು ಕಣಿವೆಯೂ ಕಾಣುತ್ತಿವೆ, ಉಂಗುರ ತಿರುಗುತ್ತಿದೆ. ಇವತ್ತು ಗುರುವಾರ, ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯ ದಿನ. ರಾತ್ರಿ ಊಟವಾದ ಮೇಲೆ ಮಾತ್ರೆ ಇದೆ.